ಜಾಝಿನವರಿಗೆ ಸಿಕ್ಕ ಸಮಾಳದ ಮಾವ

ವಾದ್ಯಗಾರರೆಲ್ಲ ಬಾರಿಸಿ ಹೆಸರು ಮಾಡಿದರೆ ನಮ್ಮ ಸೋದರಮಾವ ಹೆಸರು ಮಾಡಿದ್ದು ನಿಲ್ಲಿಸಿ! ನಗಬೇಡಿ, ಅವರ ಊರು ಆನಗೋಡಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಮಾವ ನುಡಿಸುವುದು ಸಮಾಳ. ವೀರಗಾಸೆ ಕುಣಿತಕ್ಕೆ ಸೊಂಟಕ್ಕೆ ಕಟ್ಟಿಕೊಂಡು ಕೋಲಿನಿಂದ ಬಾರಿಸುವ ಜೋಡಿ ವಾದ್ಯ. ಕುಣಿತದ ನಡುವೆ ಒಬ್ಬ ಮುಂದೆ ಬಂದು ವೀರಭದ್ರನ ಪ್ರತಾಪವನ್ನು ಗಟ್ಟಿ ಗಂಟಲಲ್ಲಿ ಒಪ್ಪಿಸುತ್ತಾನೆ. ಅದು ಒಡಪು. ಅವನು ಬಾಯಿ ತೆರೆದ ಕೂಡಲೇ ಸಮಾಳ ನಿಲ್ಲಬೇಕು, ಅವನು ಮುಗಿಸಿ ಕೈ ಎತ್ತಿದ ಮೇಲೆಯೇ ಕೋಲು ಬೀಳಬೇಕು. ಈ ನಿಲ್ಲಿಸುವ ಕೆಲಸದಲ್ಲಿ ಮಾವನನ್ನು ಮೀರಿಸಿದವರಿಲ್ಲ. ಒಡಪಿನ ಹೊತ್ತಿನಲ್ಲಿ ಮೂಗಿನ ಮೇಲೆ ಸೊಳ್ಳೆ ಕೂತರೂ ಮಾವ ಮಿಸುಕುವುದಿಲ್ಲ. ಸೊಳ್ಳೆ ಹೊಟ್ಟೆ ತುಂಬಿಸಿಕೊಂಡು ತಾನಾಗಿಯೇ ಎದ್ದುಹೋಗುತ್ತದೆ.

ಈ ಪದ್ಧತಿ ಮನೆಯಲ್ಲೂ ಜಾರಿಯಲ್ಲಿದೆ. ಊಟದ ನಡುವೆ ಅತ್ತೆ ಬೈಯಲು ಶುರು ಮಾಡಿದರೆ ಮಾವ ತುತ್ತನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ಕೂತುಬಿಡುತ್ತಾರೆ.

“ಉಣ್ರಿ ಮೊದ್ಲು, ಆರಿ ಹೋಗ್ತೈತೆ!”

“ನೀ ಮುಗ್ಸು. ಕೈ ಎತ್ತು. ಆಮ್ಯಾಲೆ ಉಣ್ತೀನಿ.”

ಇಂಥವರ ಜೊತೆ ಜಗಳವಾಡಿ ಗೆಲ್ಲುವುದಾದರೂ ಹೇಗೆ? ಅತ್ತೆ ಮದುವೆಯಾದ ಎರಡನೇ ವರ್ಷವೇ ಪ್ರಯತ್ನ ಬಿಟ್ಟರಂತೆ. ಇನ್ನು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಯಾವಾಗಲೂ ಸಮಾಳಕ್ಕೆ. “ಚರ್ಮ ಐತಲ್ಲವ್ವ, ಅದಕ್ಕೆ ಗಾಳಿ ಬೇಕು,” ಎಂದು ಮಾವ ಕಂಬಿ ಹಿಡಿದು ನಿಂತೇ ಬರುತ್ತಿದ್ದರು. ಕಂಡಕ್ಟರುಗಳು ಜಗಳ ಮಾಡಿ ಮಾಡಿ ಸುಸ್ತಾಗಿ ಸಮಾಳಕ್ಕೇ ನಮಸ್ಕಾರ ಹೇಳಿ ಮುಂದೆ ಹೋಗುವಂತಾಗಿತ್ತು.

ಮಾವನ ಸಮಾಳಕ್ಕೆ ಒಡಪು ಹೇಳುತ್ತಿದ್ದವರು ಹಾಲಪ್ಪ. ಪಕ್ಕದ ಮನೆಯವರು, ಹುಡುಗರಾಗಿದ್ದಾಗಿನಿಂದ ಜೋಡಿ. ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಊರು ನಡುಗುವಂತೆ ಒಡಪು ಹೇಳುತ್ತಿದ್ದ ಮನುಷ್ಯ ನಾಚಿಕೆಯಿಂದ ಹೊಸ್ತಿಲು ದಾಟುವುದನ್ನೇ ಬಿಟ್ಟರು. ಮಾವ ಸಮಾಳವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು.

ಹೀಗಿರುವಾಗ ಜಾಝ್ ಸಂಗೀತದ ತಂಡದವರು ಬಂದರು. ಸ್ಯಾಕ್ಸೊಫೋನಿನ ಲೂಸಿಯಾ ಪೋರ್ಚುಗಲ್ಲಿನವಳು, ತಂಡದ ಯಜಮಾನಿ. ಡ್ರಮ್ಸಿನವನು ಕೀನ್ಯಾದವನು, ಗಿಟಾರಿನವನು ಶಿಲ್ಲಾಂಗಿನವನು, ಆಳೆತ್ತರದ ಪಿಟೀಲಿನಂಥದ್ದನ್ನು ತಬ್ಬಿಕೊಂಡು ನಿಲ್ಲುವವನು ಗೋವಾದವನು. ಹರಿಹರದ ಹೊಳೆ ದಂಡೆಯಲ್ಲಿ ಕಾರ್ಯಕ್ರಮ, ಅದಕ್ಕೆ ಸಮಾಳದವರು ಬೇಕು ಎಂದು ದಾವಣಗೆರೆಯಲ್ಲಿ ಕನ್ನಡ ಪಾಠ ಹೇಳುವ ನನ್ನನ್ನು ಹಿಡಿದರು. ನಾನು ಆನಗೋಡಿಗೆ ಓಡಿದೆ.

ಮಾವ ಕೇಳಿದ್ದು ಒಂದೇ ಪ್ರಶ್ನೆ. “ಒಡಪು ಹೇಳೋರು ಯಾರು?”

ಇಲ್ಲಿ ನನ್ನ ಬುದ್ಧಿವಂತಿಕೆ ಹೊರಗೆ ಬಂತು ನೋಡಿ! “ಅವರಲ್ಲೂ ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ವಾದ್ಯದಲ್ಲೇ ಹೇಳ್ತಾರೆ ಮಾವ, ಅದೇ ಒಡಪು ಅನ್ಕೊಳ್ರಿ,” ಎಂದುಬಿಟ್ಟೆ. ಮಾವ ಬಹಳ ಹೊತ್ತು ಪಕ್ಕದ ಮನೆಯ ಮುಚ್ಚಿದ ಬಾಗಿಲನ್ನು ನೋಡಿದರು. “ಬರ್ತೀನಿ. ಆದ್ರ ಹಾಲಪ್ಪಗೆ ಮುಂದಿನ ಸಾಲಿನಾಗೆ ಕುರ್ಚಿ ಹಾಕಬೇಕು,” ಎಂದರು.

ತಾಲೀಮು ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಒಂದು ಮನೆಯ ಮಹಡಿಯಲ್ಲಿ. ಮೊದಲ ದಿನ ಮಾವ ಸಮಾಳವನ್ನು ಹದ ಮಾಡಲು ದೋಸೆ ಹೋಟೆಲಿನ ಸೌದೆ ಒಲೆಯ ಮುಂದೆ ಹಿಡಿದು ಕಾಸಿಕೊಂಡು ಬಂದರು. ಜೊತೆಗೆ ಹೋಗಿದ್ದ ಲೂಸಿಯಾಗೂ, “ನಿಮ್ ಪೀಪಿನೂ ಒಂದೀಟು ಕಾಸ್ರಿ, ನಾಚ್ಕೋಬ್ಯಾಡ್ರಿ,” ಎಂದರಂತೆ! ಅವಳು ನಕ್ಕಳು. ಅವಳು ನಕ್ಕಿದ್ದು ಅದೇ ಕೊನೆ.

ಏಕೆಂದರೆ ತಾಲೀಮು ಶುರುವಾಯಿತು. ಸಮಾಳದ ತಾಳದ ನಡೆ ಕೇಳಿ ಕೀನ್ಯಾದವನು ಕುರ್ಚಿಯಿಂದ ಅರ್ಧ ಎದ್ದ. ಲೂಸಿಯಾ ಕಣ್ಣು ಮುಚ್ಚಿ ಮುಂದೆ ಬಂದು ಸ್ಯಾಕ್ಸೊಫೋನ್ ಊದಿದಳು. ಸಮಾಳ ನಿಂತಿತು! ಮಾವ ಕೋಲು ಎದೆಗೆ ಹಿಡಿದು, ತಲೆ ತಗ್ಗಿಸಿ, ಭಕ್ತಿಯಿಂದ ನಿಂತಿದ್ದಾರೆ. ನಡೆ ಇಲ್ಲದೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು.

“ಯಾಕ ನಿಲ್ಲಿಸಿದ್ರಿ ಮಾವ?”

“ಆ ತಾಯಿ ಒಡಪು ಹೇಳಾಕತ್ತಿದ್ಲಲ್ಲ! ಒಬ್ರು ಮಾತಾಡುವಾಗ ಎಲ್ರೂ ಬಾಯಿ ಹಾಕಾಕೆ ಇದೇನು ಗ್ರಾಮಸಭೆನಾ?”

ಎರಡನೇ ದಿನವೂ ಅದೇ, ಮೂರನೇ ದಿನವೂ ಅದೇ. ಮಾವ ಬಾಯಲ್ಲಿ ಒಪ್ಪುತ್ತಿದ್ದರು, ಕೈ ಒಪ್ಪುತ್ತಿರಲಿಲ್ಲ. ಕೊನೆಗೆ ಲೂಸಿಯಾ ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: ಕೊನೆಯ ಹಾಡು ನಿಂತಿರುವುದೇ ಸಮಾಳದ ಮೇಲೆ, ನಾಳೆ ಬೆಳಗಿನ ತಾಲೀಮಿನಲ್ಲೂ ನಿಲ್ಲಿಸಿದರೆ ಅವರನ್ನು ಬಿಟ್ಟೇ ನುಡಿಸುತ್ತೇವೆ.

ಹಾಲಪ್ಪನವರ ಸೊಸೆ ಆಗಲೇ ಫೋನ್ ಮಾಡಿದ್ದಳು. ಎರಡು ವರ್ಷದ ಮೇಲೆ ನಮ್ಮ ಮಾವಯ್ಯ ಮನೆಯಿಂದ ಹೊರಡಲು ಒಪ್ಪಿದ್ದಾರೆ, ಬಿಳಿ ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದೇನೆ ಅಕ್ಕ ಎಂದು. ಆ ಮನುಷ್ಯ ಬಂದು ಕೂತಾಗ ವೇದಿಕೆಯ ಮೇಲೆ ಮಾವನೇ ಇಲ್ಲದಿದ್ದರೆ? ಮಾವನಿಗೆ ಎಲ್ಲ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಮಾವ ನಾನು ಮುಗಿಸುವವರೆಗೂ ಕಾದು, “ಆತು ಬಿಡವ್ವ. ನಿಲ್ಸಲ್ಲ,” ಎಂದರು.

ಮರುದಿನ ಬೆಳಿಗ್ಗೆ ನಿಲ್ಲಿಸಲಿಲ್ಲ. ಲೂಸಿಯಾ ಊದುತ್ತಿದ್ದಷ್ಟು ಹೊತ್ತೂ ಮಾವ ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋದವರ ಮುಖ ಮಾಡಿಕೊಂಡು ಬಾರಿಸಿದರು.

ಸಂಜೆ ಹರಿಹರದಲ್ಲಿ ಜನವೋ ಜನ. ಮುಂದಿನ ಸಾಲಿನಲ್ಲಿ ಬಿಳಿ ಅಂಗಿಯ ಹಾಲಪ್ಪ, ಸತ್ತ ಬಲಗೈ ತೊಡೆಯ ಮೇಲೆ. ಪಕ್ಕದಲ್ಲಿ ನಾನು, ಕೈಯಲ್ಲಿ ಕರವಸ್ತ್ರ ಹಿಂಡುತ್ತಾ. ಮೊದಲ ಹಾಡು ದಾಟಿತು, ಎರಡನೆಯದೂ ದಾಟಿತು. ಪ್ರತಿ ಸಲ ಲೂಸಿಯಾ ಮುಂದೆ ಬಂದಾಗಲೂ ನನ್ನ ಉಸಿರು ನಿಂತು, ಸಮಾಳ ನಿಲ್ಲದೆ, ಮತ್ತೆ ಉಸಿರು ಬರುತ್ತಿತ್ತು.

ಕೊನೆಯ ಹಾಡು. ಸಮಾಳದ ನಡೆ ಏರುತ್ತಾ ಹೋಯಿತು. ಪಕ್ಕದಲ್ಲಿ ಏನೋ ಸದ್ದಾಯಿತೆಂದು ತಿರುಗಿದೆ. ಹಾಲಪ್ಪ ಬಾಯಿ ತೆರೆದಿದ್ದರು.

ಸಮಾಳ ನಿಂತಿತು.

ಡ್ರಮ್ಸ್ ತಡವರಿಸಿ ನಿಂತಿತು, ಗಿಟಾರ್ ನಿಂತಿತು, ಲೂಸಿಯಾ ಒಂದೆರಡು ಸ್ವರ ಊದಿ ತಿರುಗಿ ನೋಡಿ ತಾನೂ ನಿಲ್ಲಿಸಿದಳು. ಜನ ಗುಸುಗುಸು ಎಂದರು. ಮುಗಿಯಿತು ಎಂದುಕೊಂಡೆ. ಮಾವ ವೇದಿಕೆಯ ಅಂಚಿಗೆ ಬಂದು, ಕೋಲು ಎದೆಗೆ ಹಿಡಿದು, ಹಾಲಪ್ಪನ ಮುಂದೆ ತಲೆ ತಗ್ಗಿಸಿ ನಿಂತರು.

ಹಾಲಪ್ಪನ ಗಂಟಲಿನಿಂದ ಬರುತ್ತಿದ್ದುದು ಮಾತಾಗಿರಲಿಲ್ಲ. ಏರುವ, ಇಳಿಯುವ, ತಡೆದು ಮತ್ತೆ ನುಗ್ಗುವ ಬರೀ ದನಿ. ಗುಸುಗುಸು ತಾನಾಗಿ ಅಡಗಿತು. ಅವರ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ದನಿಯೂ ನಿಂತಿತು. ಮಾವ ಕದಲಲಿಲ್ಲ. ಕೈ ಎತ್ತಬೇಕಲ್ಲ! ಏಳಬೇಕಾದ ಬಲಗೈ ತೊಡೆಯ ಮೇಲೇ ಇತ್ತು. ಹಾಲಪ್ಪ ಅದನ್ನೇ ನೋಡುತ್ತಾ ಕೂತರು. ಮಾವ ಕಾದರು, ಎಲ್ಲರೂ ಕಾದೆವು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ.

ಎಡಗೈ ಎದ್ದಿತು.

ಕೋಲು ಬಿತ್ತು ನೋಡಿ! ಕೀನ್ಯಾದವನು ಹೋ ಎಂದು ಕೂಗಿ ಜೊತೆಗೆ ಬಿದ್ದ. ಲೂಸಿಯಾ ಕಣ್ಣೊರೆಸಿಕೊಂಡು, ಹಾಲಪ್ಪನ ದನಿ ಏರಿ ಇಳಿದ ಹಾಗೆಯೇ ಏರಿಸಿ ಇಳಿಸಿ ಊದಿದಳು. ಅವಳು ಊದುವಾಗ ಮಾವ ನಿಲ್ಲಿಸಲಿಲ್ಲ. ನಾನು ಎಲ್ಲರೆದುರೇ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ವಾಪಸು ಬರುವಾಗ ಬಾಡಿಗೆ ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಹಾಲಪ್ಪ ಗಾಳಿಗೆ ಮುಖವೊಡ್ಡಿ ನಿದ್ದೆ ಹೋಗಿದ್ದರು. ಸಮಾಳ ನನ್ನ ತೊಡೆಯ ಮೇಲೆ. ನಾನು ಮೆಲ್ಲಗೆ ಕೇಳಿದೆ, “ಮಾವ, ಹಾಲಪ್ಪನವರು ಏನಂದ್ರು?”

“ಪೂರ್ತಿ ಒಡಪು ಹೇಳ್ದ,” ಎಂದರು ಮಾವ. “ಒಂದಕ್ಷರ ಬಿಡಲಿಲ್ಲ.”