ಗಂಟಲ ಬೆನ್ನಟ್ಟಿ ವಿಜಯವಾಡಕ್ಕೆ

"ಈ ಗಂಟಲೊಳಗೆ ಏನಿದೆ ಅಂತ ಪತ್ತೆ ಹಚ್ಚದೆ ಈ ನರಹರಿ ವಿಶಾಖಪಟ್ಟಣಕ್ಕೆ ವಾಪಸ್ ಬರೋದಿಲ್ಲ!"

ಎಂವಿಪಿ ಕಾಲೋನಿಯ ಮೂರನೇ ಮಹಡಿಯಲ್ಲಿ ಮೊಳಗಿದ ಈ ಭೀಷಣ ಪ್ರತಿಜ್ಞೆಯನ್ನು ಕೇಳಿಸಿಕೊಂಡವರು ಹೆಂಡತಿ ರೇಣುಕಾ ಒಬ್ಬರೇ. "ಬರೋದಿಲ್ಲ ಅಂದ್ರೆ ಎಷ್ಟು ಜೊತೆ ಬಟ್ಟೆ ಇಡ್ಲಿ?" ಎಂದರು.

ಮೂರು ತಿಂಗಳಿಂದ ನರಹರಿಯವರ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತ್ತು. ನುಂಗಿದರೆ ಇಳಿಯದು, ಉಗುಳಿದರೆ ಬಾರದು. ನೆಗಡಿಯ ಜೊತೆ ಬಂದದ್ದು, ನೆಗಡಿ ಹೋದರೂ ಠಿಕಾಣಿ ಹೂಡಿತ್ತು. ಇಬ್ಬರು ಡಾಕ್ಟರು ಟಾರ್ಚ್ ಬಿಟ್ಟು ನೋಡಿ "ಎಲ್ಲಾ ನಾರ್ಮಲ್" ಅಂದರು. ನಾರ್ಮಲ್ ಅಂತೆ! ಸರ್ಕಾರಿ ಕಾರ್ಖಾನೆಯಲ್ಲಿ ಮೋಟರು ಸ್ವಲ್ಪ ಗೊರಗುಟ್ಟಿದರೂ ಪೂರ್ತಿ ಬಿಚ್ಚಿಸಿ ನೋಡುವ ಇಂಜಿನಿಯರಿಗೆ ಈ ಮಾತು ಹೇಳುವುದೇ? ಮೊಬೈಲಿನಲ್ಲಿ ಹುಡುಕಿದರೆ ಮೂರನೇ ಸಾಲಿಗೇ ಆ ದೊಡ್ಡ ಕಾಯಿಲೆಯ ಹೆಸರು! ಯಾರಿಗೂ ಬಾಯಿಬಿಡಲಿಲ್ಲ, ಆದರೆ ಗ್ಯಾಸ್ ಬುಕ್ ಮಾಡುವುದು ಹೇಗೆಂದು ಹೆಂಡತಿಗೆ ಎರಡೆರಡು ಸಲ ಕಲಿಸಿದರು.

ಸಹೋದ್ಯೋಗಿ ಫಣಿ, "ವಿಜಯವಾಡದಲ್ಲಿ ಗಿರಿಜಾ ಅಂತ ಡಾಕ್ಟರಮ್ಮ ಇದ್ದಾರಂಡಿ. ಮೂಗಲ್ಲಿ ಕ್ಯಾಮೆರಾ ಇಳಿಸಿ ನೋಡ್ತಾರೆ" ಎಂದದ್ದೇ ತಡ, ಟಿಕೆಟ್ ಆಯಿತು.

ರೈಲಿನಲ್ಲಿ ಪುಣ್ಯಾತ್ಮ ಒಂದು ಕಡೆ ಕೂತರೆ ತಾನೆ! ಅನಕಾಪಲ್ಲಿಯಲ್ಲಿ ಕಿಟಕಿ ಪಕ್ಕ, ತುನಿಯಲ್ಲಿ ಬಾಗಿಲ ಪಕ್ಕ, ರಾಜಮಂಡ್ರಿ ಬರುವ ಹೊತ್ತಿಗೆ ಕನ್ನಡಿ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದರು. ನಡುನಡುವೆ "ಕ್ಹಂ!" ಎಂದು ಗಂಟಲು ಕೆರೆಯುವುದು. ಕ್ಹಂ ಅಂದಾಗಲೆಲ್ಲ ರೇಣುಕಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುವುದು. ಇವರು ಕುಡಿಯುವುದು.

ಡಾಕ್ಟರಮ್ಮ ಕ್ಯಾಮೆರಾ ಇಳಿಸಿದರು, ಎತ್ತಿದರು. "ಗಂಟಲು ಸ್ವಲ್ಪ ಕೆಂಪಾಗಿದೆ, ಅಷ್ಟೆ. ಗಡ್ಡೆ ಗಿಡ್ಡೆ ಏನೂ ಇಲ್ಲ. ನೀವು ಹೆದರಿಕೊಂಡಿರೋ ಕಾಯಿಲೆ ಇಲ್ಲವೇ ಇಲ್ಲ ಅಂಡಿ" ಎಂದರು ತೆಲುಗಿನಲ್ಲಿ.

"ಇಲ್ಲ ಅಂದ್ರೆ ಹೇಗೆ? ಸ್ಕ್ಯಾನ್ ಮಾಡಿಸಿ! ರಕ್ತ ತೆಗೀರಿ! ಕ್ಹಂ!"

ರೇಣುಕಾ ಥಟ್ಟನೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

"ಇದೇನಮ್ಮಾ?"

"ಕಾಫಿ ಕೇಳಿದ್ರಲ್ಲ! ಇವ್ರ ಹಾಸನದ ಮನೇಲಿ ಹೆಂಡ್ತಿ ಹೆಸರು ಹಿಡಿದು ಕರೆಯೋ ರೂಢಿ ಇಲ್ಲ ಡಾಕ್ಟ್ರೇ. ಒಂದು ಕ್ಹಂ ಅಂದ್ರೆ ಕಾಫಿ, ಎರಡು ಅಂದ್ರೆ ಟವೆಲ್ಲು, ಮೂರು ಅಂದ್ರೆ ಕನ್ನಡಕ. ಇಪ್ಪತ್ತಾರು ವರ್ಷದಿಂದ ಹೀಗೇ."

"ದಿನಕ್ಕೆ ಎಷ್ಟು ಕಾಫಿ?"

"ಮೊದ್ಲು ಎರಡು. ಗಂಟಲು ಕೆಟ್ಟ ಮೇಲೆ ಹದಿನಾರು."

"ಅಯ್ಯೋ, ಅಷ್ಟೊಂದು ಯಾಕೆ ಕೊಟ್ರಿ?"

"ಯಾವ ಕ್ಹಂ ಕಾಯಿಲೇದು, ಯಾವ ಕ್ಹಂ ನಂದು ಅಂತ ನಂಗೇನು ಗೊತ್ತಾಗ್ಬೇಕು?"

"ನೀವಾದ್ರೂ ಬೇಡ ಅನ್ನಬಹುದಿತ್ತಲ್ಲ ಸಾರ್?"

"ಬಿಸಿಬಿಸಿ... ಗಂಟಲಿಗೆ ಹಿತ ಅಂತ..." ನರಹರಿಯವರ ದನಿ ಪಾತಾಳಕ್ಕಿಳಿಯಿತು.

ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಷ್ಟು ಕಾಫಿ ಕುಡಿದ್ರೆ ಹೊಟ್ಟೆಯ ಹುಳಿ ಮೇಲೆ ಬರುತ್ತೆ. ಗಂಟಲು ಉರಿಯುತ್ತೆ. ನೀವು ಕೆರೀತೀರಿ, ಇನ್ನೊಂದು ಕಾಫಿ ಬರುತ್ತೆ! ಇದಕ್ಕೆ ಸ್ಕ್ಯಾನ್ ಯಾಕಂಡಿ?" ಎಂದು ಚೀಟಿ ಬರೆದರು: ಆರು ವಾರ ಹುಳಿಗೆ ಮಾತ್ರೆ. ಕಾಫಿ ದಿನಕ್ಕೆ ಎರಡೇ. ಕ್ಹಂ ಅನ್ನುವುದು ಪೂರ್ತಿ ಬಂದ್. ಹೆಂಡತಿಯನ್ನು ಹೆಸರು ಹಿಡಿದು ಕರೆಯತಕ್ಕದ್ದು.

ರೇಣುಕಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮೊದಲು ಹೊರಗೆ ಹೋದರು. ಗಂಡ ಗ್ಯಾಸ್ ಬುಕಿಂಗ್ ಯಾಕೆ ಕಲಿಸಿದರೆಂಬ ಗುಟ್ಟು ಅವರಿಗೆ ಎಂದೋ ತಿಳಿದಿತ್ತು. ನರಹರಿಯವರು ರಿಪೋರ್ಟು ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಬಂದರು. ಬದುಕಿದೆ! ಇನ್ನೇನು ಬೇಕು? ಕೂರಲಾಗದ, ನಿಲ್ಲಲಾಗದ ಖುಷಿ.

ಹೊರಗಿನ ಹಜಾರದಲ್ಲಿ ರೇಣುಕಾ ಬೆನ್ನು ತಿರುಗಿಸಿ, ಹೆಂಗಸರ ಸಾಲಿನಲ್ಲಿ ಕೂತಿದ್ದರು. ನರಹರಿಯವರ ಗಂಟಲಿಗೆ ಕ್ಹಂ ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ನುಂಗಿದರು. ಅತ್ತ ಇತ್ತ ನೋಡಿದರು. ಕಿವಿಯೆಲ್ಲ ಕೆಂಪೇರಿತು. ಕೊನೆಗೆ ಕಣ್ಣು ಮುಚ್ಚಿಕೊಂಡು, "ರೇಣುಕಾ!" ಎಂದು ಕೂಗಿಯೇಬಿಟ್ಟರು.

ರೇಣುಕಾ ತಿರುಗಲಿಲ್ಲ.

"ರೇಣುಕಾ! ಏ ರೇಣುಕಾ!"

ಇಡೀ ಹಜಾರ ಇವರತ್ತ ತಿರುಗಿತು. ರೇಣುಕಾ ಮಾತ್ರ ಪಕ್ಕದಲ್ಲಿದ್ದ ಹೆಂಗಸಿನ ಭುಜ ಮುಟ್ಟಿ, ತಮ್ಮ ಮುರುಕು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು:

"ನೋಡಮ್ಮಾ, ನಿಮ್ಮ ಯಜಮಾನರು ಆಗಿನಿಂದ ಕರೀತಿದ್ದಾರೆ. ಪಾಪ, ಓಗೊಡಿ."