ಅತ್ತೆಯ ಮಾತು ಕೇಳುವ ಯಂತ್ರ

ಹೇಳಿದ ಮಾತನ್ನು ಹೇಳಿದ ಹಾಗೇ ಕೇಳುವ ಸೊಸೆ ಬೇಕೆಂಬುದು ನಮ್ಮ ಅತ್ತೆಯ ಬಹುಕಾಲದ ಆಸೆ. ಸಿಕ್ಕವಳು ನಾನು. ಆ ನಿರಾಶೆಯಿಂದ ಅವರು ಚೇತರಿಸಿಕೊಳ್ಳುವಷ್ಟರಲ್ಲಿ ಎಐ ಬಂತು!

ತಮಾಷೆಯಲ್ಲ. ಅದಕ್ಕೆ ಬುದ್ಧಿ ಹೇಳುವುದೇ ಈಗ ಅವರ ಉದ್ಯೋಗ. ಬುದ್ಧಿ ಹೇಳಿದ್ದಕ್ಕೆ ಸಂಬಳ ಪಡೆಯುವ ಅತ್ತೆಯನ್ನು ನೀವೆಲ್ಲಾದರೂ ಕಂಡಿದ್ದೀರಾ? ಹುಬ್ಬಳ್ಳಿ ಕಡೆಯ ಎಂಜಿನಿಯರ್ ಅವರು. ನಾವಿರುವ, ಚಿಕಾಗೋದಿಂದ ಐದು ಗಂಟೆ ದೂರದ ಸ್ಟರ್ಲಿಂಗ್ ಹೈಟ್ಸ್‌ನಲ್ಲೇ ಕಾರು ರಿಪೇರಿಯ ಕೈಪಿಡಿಗಳನ್ನು ಬರೆದು ಬರೆದು ನಿವೃತ್ತರಾದರು. ಆದರೂ ಕೈ ಸುಮ್ಮನಿರಬೇಕಲ್ಲ! ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಸಣ್ಣ ಕಂಪನಿಗೆ ಮತ್ತೆ ಬರೆಯತೊಡಗಿದರು.

ಕೆಲಸ ಏನೆಂದರೆ, ಮದುವೆ, ಭಾಷಣ, ನಾಟಕಗಳನ್ನು ಲೈವ್ ತೋರಿಸುವ ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಕ್ಯಾಮೆರಾ ಬದಲಿಸಲು, ಮೈಕ್ ನಿಲ್ಲಿಸಲು, ತೆರೆಯ ಮೇಲೆ ಹೆಸರು ಮೂಡಿಸಲು ನೂರೆಂಟು ಗುಂಡಿಗಳಿರುತ್ತವೆ. ಇನ್ನು ಮುಂದೆ ಅವನ್ನು ಮನುಷ್ಯರ ಬದಲು ಎಐ ಏಜೆಂಟ್ ಒತ್ತುತ್ತದಂತೆ. ಅದಕ್ಕೆ, ಪಾಪ, ಏನು ಗೊತ್ತು? ಒಂದೊಂದು ಗುಂಡಿಯೂ ಒಂದೊಂದು ಟೂಲ್. ಯಾವುದನ್ನು ಯಾವಾಗ ಬಳಸಬೇಕು, ಅದಕ್ಕಿಂತ ಮುಖ್ಯವಾಗಿ ಯಾವಾಗ ಬಳಸಬಾರದು ಎಂದು ಯಾರಾದರೂ ಬಿಡಿಸಿ ಬರೆದಿಡಬೇಕು. ಅತ್ತೆ ಬರೆಯುವುದು ಇಂಗ್ಲಿಷಿನಲ್ಲಿ. ಆದರೆ ಬರೆಯುವ ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳದಿದ್ದರೆ ಅವರಿಗೆ ಕೈ ಓಡುವುದಿಲ್ಲ.

“ಈ ಟೂಲ್ ಮೈಕ್ ಬಂದ್ ಮಾಡ್ತದ. ಮಾತಾಡಾಂವ ಬ್ಯಾಸರ ತರಸಾಕತ್ತಾನ ಅಂತ ಇದನ್ನ ಬಳಸಬಾರ್ದು.”

ಸೋಫಾದಿಂದ ಮಾವ ಕೇಳಿದರು: “ಅದು ಮನೀಗೂ ಸಿಗ್ತದೇನು?”

ಈ ಚಟ ಲ್ಯಾಪ್‌ಟಾಪಿನೊಳಗೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನೋಡನೋಡುತ್ತ ಮನೆಯವರೆಲ್ಲ ಏಜೆಂಟುಗಳಾದೆವು. ಹಲ್ಲುಜ್ಜುವುದಕ್ಕೆ ಅಷ್ಟುದ್ದದ ಸೂಚನೆ ಕೇಳಿದ ನನ್ನ ಮಗಳು, “ಅಜ್ಜಿ, ಐ ಆಮ್ ನಾಟ್ ಎ ರೋಬೋ!” ಎಂದು ಓಡಿಹೋದಳು. ನಾವು ದೊಡ್ಡವರು ಎಲ್ಲಿಗೆ ಓಡೋಣ?

ಒಮ್ಮೆ ಚಿಕಾಗೋಗೆ ಹೋದಾಗ ನಮ್ಮ ದೇಶದ ಅಂಗಡಿಗಳೇ ತುಂಬಿರುವ ಡೆವನ್ ಅವೆನ್ಯೂನಲ್ಲಿ ಪಾರ್ಕಿಂಗ್ ಸಿಗಲಿಲ್ಲ. ಮಾವನನ್ನು ಅಂಗಡಿಯ ಮುಂದೆ ಇಳಿಸಿದೆವು. ಅತ್ತೆ ಕಾರಿನ ಕಿಟಕಿಯಿಂದಲೇ ಸೂಚನೆ ಕೊಟ್ಟರು: “ಮೆಂತ್ಯ ತರ್ರಿ. ಮೆಂತ್ಯ ಅಂದ್ರ ತಪ್ಪಲ, ಕಾಳಲ್ಲ. ಸಿಗಲಿಲ್ಲಂದ್ರ ಬದಲಿ ಏನೂ ತರಬ್ಯಾಡ್ರಿ. ಬಂದು ಹೇಳ್ರಿ.”

ನಾವು ಬೀದಿಗಳನ್ನು ಸುತ್ತಿ ಬರುವಷ್ಟರಲ್ಲಿ ಮಾವ ಬರಿಗೈಯಲ್ಲಿ ನಿಂತಿದ್ದರು.

“ತಪ್ಪಲ ಇದ್ದಿಲ್ಲೇನು?”

“ಇತ್ತು.”

“ಮತ್ತ?”

“ಎಷ್ಟು ಕಟ್ಟು ಅಂತ ನೀ ಹೇಳಿದ್ದಿಲ್ಲ.”

ಬೇರೆ ಹೆಂಡತಿಯಾಗಿದ್ದರೆ ಅಲ್ಲೇ ಕುರುಕ್ಷೇತ್ರ! ನಮ್ಮ ಅತ್ತೆ ತುಸು ಯೋಚಿಸಿ, “ಕರೇ ಅದ, ತಪ್ಪು ನಂದ” ಎಂದರು. ತಿದ್ದಿದ ಸೂಚನೆಯೊಂದಿಗೆ ಮಾವನನ್ನು ಮತ್ತೆ ಕಳಿಸಿದರು. ನಾವು ಮತ್ತೆ ಬೀದಿ ಸುತ್ತಿದೆವು.

ಏಜೆಂಟಿನ ರಂಗಪ್ರವೇಶವಾದದ್ದು ನಮ್ಮೂರಿನ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ. ಬರಲಾಗದವರು ಮನೆಯಲ್ಲೇ ಕೂತು ಲೈವ್ ನೋಡುವ ಏರ್ಪಾಡು. ವೇದಿಕೆಯ ಮೇಲೆ ಸದ್ದು ನಿಂತರೆ ‘ಊಟದ ವಿರಾಮ’ ಎಂಬ ಚಿತ್ರ ತೋರಿಸಬೇಕೆಂದು ಅತ್ತೆ ಬರೆದಿದ್ದರು. ಏಜೆಂಟ್ ಹಾಡಿಗೆ, ಕುಣಿತಕ್ಕೆ ಸರಿಯಾಗಿ ಕ್ಯಾಮೆರಾ ಬದಲಿಸುತ್ತ ಭೇಷ್ ಎನಿಸಿಕೊಂಡಿತು. ಆಗ ಕೂಟದ ಅಧ್ಯಕ್ಷರು, ತೀರಿಕೊಂಡ ಹಿರಿಯ ಸದಸ್ಯರಿಗಾಗಿ ಮೌನ ಆಚರಿಸೋಣ ಎಂದರು. ಸಭೆಯೆಲ್ಲ ತಲೆ ತಗ್ಗಿಸಿ ನಿಂತಿತು. ಮನೆಯಲ್ಲಿದ್ದವರಿಗೆ ಕಂಡದ್ದು ‘ಊಟದ ವಿರಾಮ’, ತುಪ್ಪ ಸುರಿದ ಹೋಳಿಗೆ! ಯಾರೋ ಆಂಟಿ ಕಾಮೆಂಟನ್ನೂ ಹಾಕಿದರು: “ಪಾರ್ಸಲ್ ಇದೆಯಾ?”

ಅಧ್ಯಕ್ಷರು ಕೆಂಡವಾದರು. “ಏನ್ ಮೇಡಂ ಇದು, ನಿಮ್ ಎಐ ಮಾನ ಕಳೀತಲ್ಲ!”

“ಅದರ ಮ್ಯಾಲ ಸಿಟ್ಟಾಗಬ್ಯಾಡ್ರಿ,” ಎಂದರು ಅತ್ತೆ. “ಸುಮ್ಮನ ಇರೂದರಾಗ ಎಷ್ಟು ಥರ ಅದಾವು ಅಂತ ನಾ ಅದಕ್ಕ ಹೇಳಿದ್ದಿಲ್ಲ.” ಅಲ್ಲೇ ಮೂಲೆಯಲ್ಲಿ ಕೂತು ತಿದ್ದತೊಡಗಿದರು. ನಿಜವಾದ ಊಟದ ವಿರಾಮ ಬಂದು ಹೋದದ್ದು ಅವರಿಗೆ ತಿಳಿಯಲೇ ಇಲ್ಲ. ಅವರ ಪಾಲಿನ ಹೋಳಿಗೆ ಹಾಳಾಗಬಾರದೆಂದು ಮಾವ ಕಾಳಜಿ ವಹಿಸಿದರು.

ಕಳೆದ ಬೇಸಿಗೆಯಲ್ಲಿ ಚಿಕಾಗೋ ಪಕ್ಕದ ಲೆಮಾಂಟ್‌ನಲ್ಲಿ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಅಮ್ಮ ಮೈಸೂರಿನಿಂದ ನೇರ ಚಿಕಾಗೋಗೆ ಬಂದಿಳಿದಳು. ನಾನು ಅವಳನ್ನು ನೋಡಿ ವರ್ಷಗಳೇ ಆಗಿದ್ದವು. ಆದರೆ ನಾನಾಗ ತುಂಬು ಬಸುರಿ. ಮದುವೆ ಇನ್ನೇನು ಬಂತು ಎನ್ನುವಾಗ ಡಾಕ್ಟರು, ಹಾಸಿಗೆ ಬಿಟ್ಟು ಏಳಕೂಡದು, ಐದು ಗಂಟೆಯ ಪ್ರಯಾಣದ ಮಾತಂತೂ ಎತ್ತಲೇಬೇಡಿ ಎಂದರು. ಅತ್ತೆಗೆ ಸಮಾಧಾನದ ಮಾತು ಬರುವುದಿಲ್ಲ. ನಾನು ಅತ್ತು ಮುಗಿಸುವ ತನಕ ಕಾದಿದ್ದು, “ಲೈವ್ ನಾ ನೋಡ್ಕೋತೀನಿ” ಎಂದರು. ಮಗಳನ್ನು ಕರೆದುಕೊಂಡು ಅತ್ತೆ, ಮಾವ ಹೊರಟರು. ನನ್ನ ಗಂಡ ನನ್ನ ಬಳಿ ಉಳಿದರು.

ಮದುವೆಯ ದಿನ ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ತೆರೆದೆ. ಎಂಥ ವಿಚಿತ್ರ! ಪುರೋಹಿತರ ಮಂತ್ರ ಕೇಳುತ್ತಿದೆ, ಕಾಣುತ್ತಿರುವುದು ಮಾತ್ರ ತಂಗಿಯ ಬೆರಳುಗಳು. ಗಾಬರಿಯಾದಾಗ ಅವಳು ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಾಳೆ. ಆಮೇಲೆ ಕಂಬದ ಮರೆಯಲ್ಲಿ ಲಾಡು ಮುಕ್ಕುತ್ತಿರುವ ನನ್ನ ಮಗಳು. “ಏಜೆಂಟ್ ಕೆಟ್ಟೈತಿ,” ಎಂದರು ಗಂಡ.

ಧಾರೆಯ ಹೊತ್ತು. ಅಪ್ಪನಿಲ್ಲದ್ದರಿಂದ ಚಿಕ್ಕಪ್ಪ, ಚಿಕ್ಕಮ್ಮ ಧಾರೆಗೆ ಕೂತಿದ್ದರು. ಧಾರೆ ಮುಗಿದು ತಾಳಿ ಕಟ್ಟುವಾಗ ವಾಲಗ ಜೋರಾಯಿತು. ಆಗ ಕ್ಯಾಮೆರಾ ವಧೂವರರನ್ನು ಬಿಟ್ಟು ಮೆಲ್ಲನೆ ಪಕ್ಕಕ್ಕೆ ಸರಿದು, ಗುಂಪಿನಂಚಿನಲ್ಲಿ ನಿಂತ ಅಮ್ಮನ ಮುಖದ ಮೇಲೆ ನಿಂತಿತು. ಅವಳು ಕಣ್ಣೊರೆಸಿಕೊಂಡು ಅತ್ತಿತ್ತ ಯಾರನ್ನೋ ಹುಡುಕುತ್ತಿದ್ದಳು. ಮಾವ ಬಂದು ಅವಳ ಕಿವಿಯಲ್ಲಿ ಏನೋ ಹೇಳಿ ಈ ಕಡೆ ಕೈ ತೋರಿಸಿದರು. ಅಮ್ಮ ನೇರ ನನ್ನನ್ನೇ ನೋಡಿದಳು. ಮುಷ್ಟಿಯಲ್ಲಿದ್ದ ಅಕ್ಷತೆಯಲ್ಲಿ ಅರ್ಧವನ್ನು ಕ್ಯಾಮೆರಾದ ಕಡೆಗೆ ಎರಚಿದಳು.

ಮಾಂಗಲ್ಯಧಾರಣೆಯೇ ಕಾಣಲಿಲ್ಲವೆಂದು ಮೈಸೂರಿನ ನೆಂಟರು ಇವತ್ತಿಗೂ ದೂರುತ್ತಾರೆ.

ಮರುದಿನ ಅತ್ತೆ ಮನೆಗೆ ಮರಳುವ ದಾರಿಯಿಂದ ಫೋನ್ ಮಾಡಿದರು. “ನಿಮ್ ಏಜೆಂಟ್‌ಗೆ ಏನಾಗಿತ್ತು ಅತ್ತೆ?” ಎಂದೆ.

“ಅದನ್ನ ಬಂದ್ ಮಾಡಿ ನಾನ ಕುಂತಿದ್ದೆ. ನೀ ಯಾರನ್ನ ನೋಡಾಕ ಹಂಬಲಸ್ತಿ ಅಂತ ಬರದಿದ್ರ ಅದೂ ತೋರಸ್ತಿತ್ತು. ಆದ್ರ ಅದು ನನ್ನ ಕೆಲಸ ಅನಸ್ತು.”

ಜೋರಾಗಿ ಬಿಕ್ಕಿದೆನೆಂದು ಕಾಣುತ್ತದೆ.

“ಶ್! ಮೆಲ್ಲಕ,” ಎಂದರು ಅತ್ತೆ. “ನಿಮ್ಮವ್ವ ಹಿಂದಿನ ಸೀಟಿನ್ಯಾಗ ಮಲಗ್ಯಾರ.”