ಎರಡು ಬೀಗದ ಪುಸ್ತಕ, ಕಲ್ಲಿನಡಿಯ ಚೀಟಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ತಿತಿಮತಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಹೈಸ್ಕೂಲು ಪಾಸಾದವನು, ದುಂಡನೆಯ ಅಕ್ಷರ. ಕೂಲಿಯಾಳುಗಳು ಇರುವ ಲೈನಿನ ಯಾವ ಮನೆಯಲ್ಲಿ ಯಾರಿದ್ದಾರೆ ಎಂಬ ಪುಸ್ತಕ ನನ್ನ ವಶದಲ್ಲಿತ್ತು. ಅದಕ್ಕೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಗೆ ಎರಡು ಬೀಗ, ಕೀಲಿ ನನ್ನ ಉಡಿದಾರದಲ್ಲಿ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಪುಸ್ತಕದಲ್ಲಿ ಒಂದೇ ಒಂದು ಹೊಡೆದುಹಾಕಿದ ಸಾಲು ತೋರಿಸಿದರೆ ಮೀಸೆ ಬೋಳಿಸುತ್ತೇನೆ ಎಂದು ಸವಾಲು ಬೇರೆ ಹಾಕಿದ್ದೆ.

ಶನಿವಾರ ಬೆಳಿಗ್ಗೆ ಲೈನು ಸುತ್ತಿ, ಪೆನ್ಸಿಲಿನಲ್ಲಿ ಚೀಟಿ ಬರೆದು, ಆಫೀಸಿನ ಜಗಲಿಯಲ್ಲಿ ಕಲ್ಲಿನಡಿ ಇಟ್ಟು ತೋಟಕ್ಕೆ ಹೋಗುತ್ತಿದ್ದೆ. ಸಂಜೆ ಬಂದು ಅದನ್ನು ಶಾಯಿಯಲ್ಲಿ ಪುಸ್ತಕಕ್ಕೆ ಇಳಿಸುತ್ತಿದ್ದೆ. ಪ್ರತಿ ವಾರ ಅದೇ ಜಾಗ, ಅದೇ ಕಲ್ಲು.

"ಏನ್ರೀ, ಪೆಟ್ಟಿಗೆಗೆ ಎರಡು ಬೀಗ, ಚೀಟಿಗೆ ಒಂದು ಕಲ್ಲು. ಕಲ್ಲೆತ್ತೋಕೆ ಕೀಲಿ ಬೇಕಾ?" ಎಂದಳು ಹೆಂಡತಿ.

"ಅದು ಬರೀ ಚೀಟಿ ಕಣೇ. ಸಂಜೆಗೆ ಕಸ," ಎಂದೆ.

ಏಳನೇ ಮನೆಯ ಮಾದಮ್ಮ, ಗಂಡನಿಲ್ಲದ ಹೆಂಗಸು, ಮಗಳ ಬಾಣಂತನಕ್ಕೆ ಹುಣಸೂರಿಗೆ ಹೊರಟಾಗ ನನಗೆ ಹೇಳಿಯೇ ಹೋದಳು. 'ತಿಂಗಳಲ್ಲಿ ಬರುತ್ತಾಳೆ' ಎಂದು ಚೀಟಿಯಲ್ಲಿ ಬರೆದೆ. ಸಂಜೆ ನೋಡಿದರೆ ಅಲ್ಲಿ 'ಖಾಲಿ' ಎಂದಿತ್ತು. ಒಂದು ಗಳಿಗೆ ಪೆನ್ನು ನಿಂತಿತು. ಆದರೆ ನನ್ನ ನೆನಪಿಗಿಂತ ನನ್ನ ಚೀಟಿಯ ಮೇಲೆ ನನಗೆ ಭಕ್ತಿ ಜಾಸ್ತಿ. ದುಂಡಗೆ ಇಳಿಸಿದೆ.

ಮಾದಮ್ಮ ವಾಪಸು ಬರುವಷ್ಟರಲ್ಲಿ ಆ ಮನೆಯಲ್ಲಿ ಆಳುಗಳ ಮೇಸ್ತ್ರಿಯ ಭಾವಮೈದನ ಒಲೆ ಹೊತ್ತಿತ್ತು. ಅವಳ ಪಾತ್ರೆಗಳು ಚರಂಡಿಯ ಪಕ್ಕದಲ್ಲಿದ್ದವು.

ಓಡಿಹೋಗಿ ಆಫೀಸಿನ ರದ್ದಿ ಕಟ್ಟಿನಲ್ಲಿ ಹಳೆಯ ಚೀಟಿ ಹುಡುಕಿ ಬೆಳಕಿಗೆ ಹಿಡಿದೆ. ರಬ್ಬರು ತಿಕ್ಕಿದ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು. ನನ್ನ ಪೆನ್ಸಿಲಿನ ಗುರುತು ಇನ್ನೂ ಕಾಣುತ್ತಿತ್ತು.

ಮಾದಮ್ಮ ದೂರು ಕೊಟ್ಟಳು; ಎಸ್ಟೇಟಿನ ಸಾಹುಕಾರರು ಪುಸ್ತಕ ತರಿಸಿದರು. ಎರಡು ಬೀಗ ತೆಗೆದು ಗಂಭೀರವಾಗಿ ಮುಂದಿಟ್ಟೆ.

"ಖಾಲಿ ಅಂತ ಇದೆಯಲ್ಲ. ನಿಮ್ಮ ಅಕ್ಷರವೇ ತಾನೆ?"

"ರೈಟರಪ್ಪಾ, ನಿಮಗೆ ಹೇಳಿಯೇ ಹೋಗಿದ್ದೆನಲ್ಲ," ಎಂದಳು ಮಾದಮ್ಮ.

ಚೀಟಿ ನನ್ನ ಜೇಬಿನಲ್ಲಿತ್ತು. ಅದನ್ನು ತೋರಿಸಿ, ಆ ಸಾಲಿಗೊಂದು ಗೆರೆ ಹೊಡೆದಿದ್ದರೆ ಸಾಕಿತ್ತು. ಜಗಲಿಯ ಕಲ್ಲಿನ ವಿಷಯ ಹೇಳಬೇಕಾಗುತ್ತಿತ್ತು, ಅಷ್ಟೇ.

"ನನ್ನ ಅಕ್ಷರವೇ ಸಾರ್," ಎಂದೆ.

ಅವಳು ಪಾತ್ರೆಗಳನ್ನು ಸೀರೆಯಲ್ಲಿ ಗಂಟು ಕಟ್ಟಿಕೊಂಡು ಹೋದಳು. ಎಲ್ಲಿಗೆ ಎಂದು ನಾನು ಯಾವ ಪುಸ್ತಕದಲ್ಲೂ ಬರೆಯಲಿಲ್ಲ.

ಆ ಪುಸ್ತಕದಲ್ಲಿ ಕೊನೆಯವರೆಗೂ ಒಂದು ಸಾಲನ್ನೂ ಹೊಡೆದುಹಾಕಲಿಲ್ಲ. ಈಗ ಮೀಸೆ ಪೂರ್ತಿ ಬೆಳ್ಳಗಾಗಿದೆ. ಕನ್ನಡಿಯ ಮುಂದೆ ನಿಂತು ಅದನ್ನು ತಿದ್ದಿಕೊಳ್ಳುವಾಗ ಹೆಂಡತಿ ಹಿಂದಿನಿಂದ ಹೇಳುತ್ತಾಳೆ:

"ಅದೊಂದು ಉಳಿಯಿತಲ್ಲ, ಬಿಡಿ."